ಬ್ರ್ಯಾಕ್ಲೀ ಬಯಲಿನಲ್ಲಿ ಪ್ರೊಥೆರೋ ಸಹೋದರರು

ಆ ವರ್ಷ ಬ್ರ್ಯಾಕ್ಲೀ ಬಯಲಿನ ಬರ್ಚ್ ಮರಗಳು ಆಗಸ್ಟ್‌ನಲ್ಲೇ ಎಲೆ ಉದುರಿಸತೊಡಗಿದ್ದವು. ಮೇ ತಿಂಗಳ ನಂತರ ಮಳೆಯ ಹನಿ ಕಂಡಿರಲಿಲ್ಲ. ಪ್ರತಿವರ್ಷ ಆ ಹೊತ್ತಿಗೆ ಬಯಲನ್ನೆಲ್ಲ ನೇರಳೆ ಬಣ್ಣದಿಂದ ತುಂಬುವ ಹೆದರ್ ಪೊದೆಗಳು ಅರ್ಧ ಅರಳಿ ಅಲ್ಲಿಗೇ ಒಣಗಿ ನಿಂತಿದ್ದವು. ಕೈಯಲ್ಲಿ ಹಿಡಿದು ಹಿಸುಕಿದರೆ ನಶ್ಯದ ಹಾಗೆ ಪುಡಿಯಾಗುತ್ತಿದ್ದವು. ಹೆದ್ದಾರಿಯ ಆಚೆಗಿನ ಸೇನೆಯ ಜಮೀನಿನಲ್ಲಿ ಬೆಂಕಿ ಬಿದ್ದು ಕೆಲವು ದಿನಗಳಾಗಿದ್ದವು. ಅಗ್ನಿಶಾಮಕ ದಳದವರು ಹತೋಟಿಗೆ ಬಂದಿದೆ ಎಂದು ಹೇಳಿದ್ದರು. ಆದರೂ ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ತಣ್ಣಗಾದ ಒಲೆಯ ವಾಸನೆ ಬರುತ್ತಿತ್ತು.

ನಾನು ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಬ್ರ್ಯಾಕ್ಲೀ ಗಾಲ್ಫ್ ಕ್ಲಬ್ಬಿನ ಹಳೆಯ ಸದಸ್ಯೆ. ನಮ್ಮ ಮೈದಾನಕ್ಕೆ ನೂರು ವರ್ಷ ಮೀರಿದೆ. ಹಾಗಾಗಿ ಬೇಸಿಗೆಯಿಡೀ ಹೊರಗಿನವರು ಬರುತ್ತಲೇ ಇರುತ್ತಾರೆ. ಹಳೆಯ ಮೈದಾನಗಳನ್ನು ಒಂದೊಂದಾಗಿ ಆಡಿ ಮುಗಿಸುವುದೇ ಅವರಲ್ಲಿ ಕೆಲವರಿಗೆ ಜೀವನದ ವ್ರತ. ಕ್ಲಬ್‌ಹೌಸಿನ ಕಪ್ಪು ಮರದ ಗೋಡೆಗಳನ್ನು ಮುಟ್ಟಿ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆಡುತ್ತಾರೆ, ಹೋಗುತ್ತಾರೆ. ಆ ಒಣ ಬೇಸಿಗೆಯಲ್ಲಿ ಮಾತ್ರ ಕ್ಲಬ್ಬಿನ ಕ್ಯಾಪ್ಟನ್ ಲಯೊನೆಲ್ ಕಾರ್ಬರಿ ಒಂದು ಕಟ್ಟಳೆ ಮಾಡಿದ್ದರು. ಹೊರಗಿನವರು ಯಾರೇ ಆಡಲಿ, ಜೊತೆಗೆ ಸದಸ್ಯರೊಬ್ಬರು ನಡೆಯಬೇಕು, ಯಾರೂ ಸಿಗರೇಟು ಹಚ್ಚದಂತೆ ನೋಡಿಕೊಳ್ಳಬೇಕು. ಆ ಶನಿವಾರ ಆ ಕೆಲಸ ನನ್ನ ಪಾಲಿಗೆ ಬಂತು.

ಬಂದವರು ವೇಲ್ಸಿನ ಅಣ್ಣತಮ್ಮಂದಿರು. ಅಣ್ಣ ಐವರ್ ಪ್ರೊಥೆರೋ ಸ್ವಾನ್ಸಿ ಕಣಿವೆಯ ಶಾಲೆಯೊಂದರಲ್ಲಿ ಹೆಡ್‌ಮಾಸ್ತರರಾಗಿದ್ದವರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು, ಆ ಸೆಕೆಯಲ್ಲೂ ಟೈ ಕಟ್ಟಿದ್ದರು. ತಮ್ಮ ಎಮ್ಲಿನ್ ಅದೇ ಊರಿನಲ್ಲಿ ಮಾಂಸದ ಅಂಗಡಿ ನಡೆಸಿದವನು. ಕುಳ್ಳ, ಕೆಂಪು ಕುತ್ತಿಗೆ, ನಗುವಾಗ ಹೊಟ್ಟೆಯೂ ನಗುತ್ತಿತ್ತು. ಇಬ್ಬರೂ ಪ್ರತಿ ಬೇಸಿಗೆ ಒಂದು ಹಳೆಯ ಮೈದಾನ ಹುಡುಕಿಕೊಂಡು ಹೋಗಿ ಒಂದೇ ಒಂದು ಪಂದ್ಯ ಆಡುತ್ತಿದ್ದರಂತೆ. ಸೋತವನು ಕ್ರಿಸ್ಮಸ್ ದಿನ ಇಡೀ ಬಳಗದ ಪಾತ್ರೆ ತೊಳೆಯಬೇಕು. ಶುರುಮಾಡಿದಂದಿನಿಂದ ಪ್ರತಿವರ್ಷವೂ ತೊಳೆದವನು ಎಮ್ಲಿನ್ ಒಬ್ಬನೇ.

ಆಟಕ್ಕೆ ಹೊರಡುವ ಮುಂಚೆ ನಾನು ಎಮ್ಲಿನ್‌ನ ಜೇಬಿನಲ್ಲಿದ್ದ ಪೈಪನ್ನು ಕೇಳಿ ತೆಗೆಸಿ, ಕ್ಲಬ್‌ಹೌಸಿನಲ್ಲಿ ಇಡಿಸಿದೆ. ಅವನು ಬೇಸರಪಡಲಿಲ್ಲ. ಶಾಲೆಗೆ ಹೋದ ದಿನಗಳು ನೆನಪಾದವು, ಆದರೆ ಈ ಸಲದ ಮೇಷ್ಟ್ರು ಹಿಂದಿನವರಿಗಿಂತ ಎಷ್ಟೋ ವಾಸಿ ಎಂದು ಅಣ್ಣನ ಕಡೆ ಕಣ್ಣು ಹೊಡೆದ.

ಮೈದಾನದಲ್ಲಿ ಹದಿನೆಂಟು ಗುಂಡಿ, ಅವರ ಆಟ ಗುಂಡಿಗೆ ಗುಂಡಿಯ ಲೆಕ್ಕದ್ದು. ಯಾರು ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಸೇರಿಸುತ್ತಾರೋ ಆ ಗುಂಡಿ ಅವರದು. ಐವರ್ ಅಳೆದು ತೂಗಿ ಆಡುತ್ತಿದ್ದರು. ಎಮ್ಲಿನ್ ಕೊಡಲಿ ಬೀಸಿದ ಹಾಗೆ ಬೀಸುತ್ತಿದ್ದ. ಆದರೆ ಅವತ್ತು ನೆಲ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅಣ್ಣನ ಲೆಕ್ಕಾಚಾರದ ಚೆಂಡುಗಳು ಬಿದ್ದಲ್ಲಿ ನಿಲ್ಲದೆ ಪೊದೆಗೆ ಉರುಳಿದವು. ತಮ್ಮನ ಅಡ್ಡಾದಿಡ್ಡಿ ಚೆಂಡುಗಳು ಕಲ್ಲಿಗೋ ದಿಬ್ಬಕ್ಕೋ ತಗುಲಿ ಮತ್ತೆ ದಾರಿಗೇ ಬಂದವು. ಅರ್ಧ ಆಟ ಮುಗಿಯುವಾಗ ಎಮ್ಲಿನ್ ಮುಂದಿದ್ದ. ಐವರ್ ಮಾತು ಕಡಿಮೆ ಮಾಡಿದ್ದರು. ಆಗಾಗ ನಿಂತು, ಗಾಲ್ಫ್ ಕೋಲಿನ ಮೇಲೆ ಭಾರ ಬಿಟ್ಟು ಉಸಿರೆಳೆದುಕೊಳ್ಳುತ್ತಿದ್ದರು.

ಅರ್ಧದಾರಿಯ ಗುಡಿಸಲಿನಲ್ಲಿ ಚಹಾ ಮತ್ತು ಸಾಸೇಜು ಸಿಗುತ್ತದೆ. ಅಲ್ಲಿನ ಡಿಲಿಸ್ ಆಗಲೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಇಷ್ಟು ಬೇಗ ಏಕೆ ಎಂದು ಕೇಳಿದೆ. ಬೆಳಿಗ್ಗೆಯಿಂದ ಒಂದು ಹಕ್ಕಿಯ ದನಿಯನ್ನೂ ಕೇಳಿಲ್ಲ, ಕೂರಲು ಮನಸ್ಸಾಗುತ್ತಿಲ್ಲ ಎಂದಳು. ನಾನು ಕಿವಿಗೊಟ್ಟೆ. ನಿಜ, ಒಂದೂ ಇಲ್ಲ. ಪೈನ್ ತೋಪಿನ ಮೇಲೆ ಸದಾ ಸುತ್ತುವ ಗಿಡುಗಗಳೂ ಕಾಣಲಿಲ್ಲ. ಎಮ್ಲಿನ್ ಸಾಸೇಜನ್ನು ಮುರಿದು ನೋಡಿ, ಇದರಲ್ಲಿ ಹಂದಿಗಿಂತ ಬ್ರೆಡ್ಡೇ ಜಾಸ್ತಿ ಎಂದು ತೀರ್ಪು ಕೊಟ್ಟು, ಎರಡನ್ನು ತಿಂದ.

ಹನ್ನೆರಡನೆಯ ಗುಂಡಿಯ ಹತ್ತಿರ ಬಿಸಿಲಿನ ಬಣ್ಣ ಬದಲಾಯಿತು. ಮೋಡವಿರಲಿಲ್ಲ, ಆದರೂ ನಮ್ಮ ನೆರಳುಗಳು ತಾಮ್ರದ ಬಣ್ಣಕ್ಕೆ ತಿರುಗಿದವು. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಹುದಾಗಿತ್ತು. ನೀರು ಬಿಟ್ಟು ಹಸಿರಾಗಿ ಉಳಿಸಿದ್ದ ಗುಂಡಿಯ ಸುತ್ತಲಿನ ಹುಲ್ಲಿನ ಮೇಲೆ ಆ ಬಯಲಿನ ವಿಷದ ಹಾವೊಂದು ಮಲಗಿತ್ತು. ನಾವು ಹತ್ತಿರ ಹೋದರೂ ಅದು ಸರಿಯಲಿಲ್ಲ. ಎಮ್ಲಿನ್ ಕಡ್ಡಿಯಿಂದ ನೆಲ ತಟ್ಟಿದ. ಅದು ಒಲ್ಲದ ಮನಸ್ಸಿನಿಂದ ಎಂಬಂತೆ ಸ್ವಲ್ಪ ಹರಿದು, ಮತ್ತೆ ಅಲ್ಲೇ ಸುತ್ತಿಕೊಂಡಿತು.

ಆಗ ದಕ್ಷಿಣದ ಕಡೆಯಿಂದ ಧಮ್ಮೆಂದು ಒಂದು ಸದ್ದು ಬಂತು. ಕಾಲಡಿಯ ನೆಲಕ್ಕೂ ತಿಳಿಯುವಂಥ ಸದ್ದು.

"ಸೇನೆಯೋರು ಅಭ್ಯಾಸ ಮಾಡ್ತಿದ್ದಾರೆ ಅನ್ಸುತ್ತೆ," ಎಂದರು ಐವರ್.

ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಅವತ್ತು ಶನಿವಾರ ಎಂಬುದು ನೆನಪಾಯಿತು. ಶನಿವಾರ ಅಲ್ಲಿ ಗುಂಡು ಹಾರಿಸುವುದಿಲ್ಲ. ಆ ಜಮೀನಿನಲ್ಲಿ ಯುದ್ಧಕಾಲದಿಂದಲೂ ಸಿಡಿಯದೆ ಉಳಿದ ಶೆಲ್ಲುಗಳು ಹೂತಿವೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ನೆಲ ಕಾದರೆ ಅವು ಸಿಡಿಯುತ್ತವೆ. ನೋಡುತ್ತಿದ್ದ ಹಾಗೇ ಇನ್ನೊಂದು ಸದ್ದು ಕೇಳಿಸಿತು. ಅದರ ಬೆನ್ನಿಗೇ ಪೈನ್ ತೋಪಿನಿಂದ ಜಿಂಕೆಗಳು ಹೊರಬಂದವು. ನಮ್ಮನ್ನು ಕಂಡರೂ ತಿರುಗದೆ, ತೀರ ಹತ್ತಿರದಲ್ಲೇ ಹಾದು ಉತ್ತರಕ್ಕೆ ಓಡಿದವು. ಒಂದು ಮರಿಯ ಬಾಯಿ ತೆರೆದೇ ಇತ್ತು.

ಹಿಂದಿರುಗೋಣ ಎಂದು ನಾನು ಆಗಲೇ ಹೇಳಿದೆ. ಇಬ್ಬರೂ ಆಗಲಿ ಎಂದರು. ಆದರೆ ಹಿಂದಿರುಗುವ ದಾರಿಯೂ ಹೇಗಿದ್ದರೂ ಹದಿಮೂರು, ಹದಿನಾಲ್ಕನೆಯ ಗುಂಡಿಗಳ ಮೂಲಕವೇ. ಹೋಗುತ್ತಾ ಅವನ್ನೂ ಆಡಿದರು. ಎಮ್ಲಿನ್ ಎರಡನ್ನೂ ಗೆದ್ದ. ಇನ್ನು ಒಂದೇ ಒಂದು ಗುಂಡಿ ಅವನದಾದರೆ ಪಂದ್ಯ ಅವನದು.

ಹದಿನೈದನೆಯದು ಶುರುವಾಗುವ ಕಟ್ಟೆಯ ಮೇಲೆ ನಿಂತಿದ್ದಾಗ ಕ್ಲಬ್‌ಹೌಸಿನ ಸೈರನ್ ಕೂಗಿತು. ಸಿಡಿಲಿನ ದಿನಗಳಲ್ಲಿ ಎಲ್ಲರನ್ನೂ ವಾಪಸ್ ಕರೆಯಲು ಊದುವ ಸೈರನ್. ಉದ್ದಕ್ಕೆ ಊದಿ, ನಿಲ್ಲಿಸಿ, ಮತ್ತೆ ಊದಿದರು. ಅಲ್ಲಿಂದ ಕ್ಲಬ್‌ಹೌಸಿಗೆ ಎರಡು ದಾರಿ. ಒಂದು ಉತ್ತರದ ಬರ್ಚ್ ಮರಗಳ ನಡುವಿನ ಕಾಲುದಾರಿ, ಹತ್ತಿರದ್ದು. ಇನ್ನೊಂದು ಹದಿನೈದರ ಉದ್ದಕ್ಕೂ ಸುತ್ತಿಕೊಂಡು ಹೋಗುವುದು. ನಾನು ಕಾಲುದಾರಿಯನ್ನು ತೋರಿಸಿದೆ. ಐವರ್ ಚೀಲವನ್ನು ಹೆಗಲಿಗೇರಿಸಿದರು.

ಎಮ್ಲಿನ್ ಚೆಂಡು ಇಟ್ಟಾಗಿತ್ತು. ಅವನು ನಗುತ್ತಲೇ ಹೇಳಿದ: "ಸೋಲು ಹತ್ರ ಬಂದಾಗಲೆಲ್ಲ ನಿನಗೆ ಏನಾದ್ರೂ ಒಂದು ಅಡ್ಡ ಬರುತ್ತಪ್ಪ, ಐವರ್. ಒಂದ್ಸಲ ಮೊಣಕಾಲು, ಒಂದ್ಸಲ ಮಳೆ. ಈ ಸಲ ಬೆಂಕಿನೇ ತರಿಸ್ಕೊಂಡಿದ್ದೀಯ."

ಐವರ್ ನಿಂತರು. ಅವರ ಮುಖ ಬಿಳುಚಿತ್ತು. ಅದು ಸಿಟ್ಟೋ ಉಸಿರಿನ ತೊಂದರೆಯೋ ನನಗೆ ತಿಳಿಯಲಿಲ್ಲ. ಅದೇ ಹೊತ್ತಿಗೆ ತೋಪಿನ ಮೇಲೆ ಕಂದು ಹೊಗೆ ಎದ್ದು ಗಾಳಿಗೆ ವಾಲುವುದು ಕಾಣಿಸಿತು. ಎಮ್ಲಿನ್ ಕೂಡ ನೋಡಿದ. ಅವನ ನಗು ಹೋಯಿತು. ಬಗ್ಗಿ ಚೆಂಡು ಎತ್ತಿಕೊಂಡ.

"ಬಿಡು, ತಮಾಷೆಗೆ ಅಂದೆ. ನಡಿ, ಹೋಗೋಣ."

"ಚೆಂಡು ಇಡು," ಎಂದರು ಐವರ್.

"ಹೊಗೆ ನೋಡೋ ಅಲ್ಲಿ."

"ನೋಡಿದೆ. ಅಣ್ಣ ಹೆದರಿ ಓಡಿದ ಅಂತ ಊರೆಲ್ಲ ಹೇಳ್ಕೊಂಡು ತಿರುಗೋದು ಬೇಡ. ಇಡು, ಹೊಡಿ."

ಇಬ್ಬರೂ ಹುಚ್ಚರ ಹಾಗೆ ಆಡುತ್ತಿದ್ದೀರಿ ಎಂದು ನಾನು ಗದರಿದೆ. ಮೂವತ್ತು ವರ್ಷ ತರಗತಿಗಳನ್ನು ಅಡಗಿಸಿದ ಗಂಟಲು ನನ್ನದು. ಅವರಿಗೆ ಅದು ಕೇಳಿಸಲೇ ಇಲ್ಲ. ಎಮ್ಲಿನ್ ಅಣ್ಣನ ಮುಖವನ್ನೇ ನೋಡಿದ. ಚಿಕ್ಕಂದಿನಿಂದ ಆ ಮುಖ ಹೇಳಿದ್ದನ್ನು ಮಾಡಿ ರೂಢಿ ಇರಬೇಕು, ಚೆಂಡು ಇಟ್ಟು ಹೊಡೆದ. ಅದು ನೇರವಾಗಿ ಹೋಯಿತು. ಐವರ್ ಹೊಡೆದದ್ದು ಬಲಕ್ಕೆ ಸಿಡಿದು ಹೆದರ್ ಪೊದೆಯೊಳಗೆ ಬಿತ್ತು.

ಊರು ಗೊತ್ತಿಲ್ಲದವರನ್ನು ಅಲ್ಲಿ ಬಿಟ್ಟು ಹೋಗಲು ಕಾಲು ಬರಲಿಲ್ಲ. ಅವರ ಹಿಂದೆ ನಡೆದೆ. ಐವರ್ ಪೊದೆಯಲ್ಲಿ ಚೆಂಡು ಹುಡುಕತೊಡಗಿದರು. ಬಾಗಿ, ಕೈಯಿಂದ ಗಿಡ ಸರಿಸಿ, ಒಂದೊಂದೇ ಹೆಜ್ಜೆ. ಪ್ರತಿ ಹೆಜ್ಜೆಗೂ ಒಣ ಪೊದೆಯಿಂದ ಧೂಳು ಏಳುತ್ತಿತ್ತು. ಎಮ್ಲಿನ್ ಸಾಕು ಬಾ, ಈ ಗುಂಡಿ ನಿನಗೇ ಬಿಟ್ಟುಕೊಟ್ಟೆ ಎಂದ. ಭಿಕ್ಷೆ ಬೇಡ ಎಂದರು ಐವರ್. ಅಷ್ಟು ಹೊತ್ತೂ ಗಾಳಿ ನಮ್ಮ ಎಡಗೆನ್ನೆಗೆ ಬೀಸುತ್ತಿತ್ತು. ಅದು ಒಮ್ಮೆಗೇ ಸತ್ತಿತು. ಎಲ್ಲ ಸ್ತಬ್ಧವಾಯಿತು. ಮರುಗಳಿಗೆ ಬೆನ್ನಿಗೆ ಬಡಿಯಿತು, ಬಿಸಿಯಾಗಿ, ಒಲೆಯ ಬಾಗಿಲು ತೆರೆದ ಹಾಗೆ.

ತಿರುಗಿ ನೋಡಿದರೆ ತೋಪಿನ ಅಂಚಿನ ಪೈನ್ ಮರವೊಂದು ಬುಡದಿಂದ ತುದಿಯವರೆಗೆ ಒಂದೇ ಸಲ ಹೊತ್ತಿಕೊಂಡಿತು. ಪಕ್ಕದ್ದು ಹೊತ್ತಿಕೊಂಡಿತು. ಬೆಂಕಿ ಹೆದರ್ ಬಯಲಿಗೆ ಇಳಿದ ಮೇಲೆ ಅದರ ವೇಗಕ್ಕೆ ಮಿತಿಯೇ ಇರಲಿಲ್ಲ. ಕಾಲುದಾರಿ ಹಿಡಿಯೋಣವೆಂದರೆ ಬರ್ಚ್ ಮರಗಳ ನಡುವೆಯೂ ಆಗಲೇ ಕಿಡಿ ಬಿದ್ದು ಹೊಗೆ ಏಳುತ್ತಿತ್ತು.

ಹದಿನೈದರ ಕೊನೆಯಲ್ಲಿ, ಚೆಂಡಿಗೆ ಅಡ್ಡಿಯಾಗಲೆಂದು ತೋಡಿದ, ನಮ್ಮ ಮೈದಾನದ ಅತಿ ದೊಡ್ಡ ಮರಳುಗುಂಡಿ ಇದೆ. ಮೈದಾನ ಕಟ್ಟುವಾಗ ಮಣ್ಣು ಎಳೆಯುತ್ತಿದ್ದ ಕುದುರೆಯೊಂದು ಅಲ್ಲಿ ಬಿದ್ದು ಸತ್ತಿತಂತೆ. ಹಾಗಾಗಿ ಅದನ್ನು ಕುದುರೆ ಗೋರಿ ಎನ್ನುತ್ತೇವೆ. ಮನೆಯ ಅಂಗಳದಷ್ಟು ಅಗಲ, ಆಳುದ್ದಕ್ಕಿಂತ ಆಳ. ಅತ್ತ ಓಡಿ ಎಂದು ಕೂಗಿದೆ. ಎಮ್ಲಿನ್ ಚೀಲ ಬಿಸಾಡಿ ಓಡಿದ. ಐವರ್ ಒಂದಷ್ಟು ದೂರ ಬಂದು ಮೊಣಕಾಲೂರಿದರು. ಎದೆ ಹಿಡಿದುಕೊಂಡಿದ್ದರು. ಎಮ್ಲಿನ್ ಹಿಂದಿರುಗಿ ಬಂದ. ಅಂಗಡಿಯಲ್ಲಿ ಕುರಿಯ ತೊಡೆ ಹೊರುವ ಹಾಗೆ ಅಣ್ಣನನ್ನು ಹೆಗಲಿಗೆ ಹಾಕಿಕೊಂಡ. ಅವನ ಸಣ್ಣ ಕಾಲುಗಳು ಆ ಭಾರಕ್ಕೆ ಅದುರುತ್ತಿದ್ದವು. ಐವರ್ ವೇಲ್ಶ್ ಭಾಷೆಯಲ್ಲಿ ಏನೋ ಹೇಳುತ್ತಿದ್ದರು, ಬಹುಶಃ ಬಿಟ್ಟುಬಿಡು ಎಂದು. ಎಮ್ಲಿನ್ ಓಡುತ್ತಲೇ ಇದ್ದ.

ಮೂವರೂ ಮರಳುಗುಂಡಿಗೆ ಜಾರಿ ಬಿದ್ದೆವು. ಬೆಂಕಿ ಬರುವ ಕಡೆಯ ಕಡಿದಾದ ದಡದ ಬುಡಕ್ಕೆ ಒತ್ತಿ ಮಲಗಿದೆವು. ನನ್ನ ಬಾಟಲಿಯ ನೀರನ್ನು ನಮ್ಮ ಕರವಸ್ತ್ರಗಳ ಮೇಲೆ ಸುರಿದು ಹಂಚಿದೆ. ಮರಳನ್ನು ಕೈಯಿಂದ ತೋಡಿ ಅದರೊಳಗೆ ಮುಖ ಇಟ್ಟೆವು. ಐವರ್‌ಗೆ ಹಾಗೆ ಇಡಲಾಗಲಿಲ್ಲ. ಉಸಿರಿಗಾಗಿ ತಲೆ ಎತ್ತುತ್ತಲೇ ಇದ್ದರು. ಎಮ್ಲಿನ್ ಅಣ್ಣನ ಮೇಲೆ ಮಲಗಿ, ಎರಡೂ ಕೈಗಳಿಂದ ಅವರ ತಲೆಯನ್ನು ತಬ್ಬಿ ಹಿಡಿದ.

ಆಮೇಲಿನದನ್ನು ಹೇಗೆ ಹೇಳುವುದೆಂದು ನನಗೆ ಇವತ್ತಿಗೂ ತಿಳಿಯದು. ಮೊದಲು ಸದ್ದು, ರೈಲು ತಲೆಯ ಮೇಲೆ ಹಾಯುವಂಥದ್ದು. ಆಮೇಲೆ ಕತ್ತಲೆ. ಆಮೇಲೆ ಕಾವು. ಕಿವಿಯ ಓಲೆಗಳು ಸುಟ್ಟವು, ಕಿತ್ತೆಸೆದೆ. ಮರಳು ಮಾತ್ರ ತಣ್ಣಗಿತ್ತು, ಒಂದು ಗೇಣು ಕೆಳಗೆ ತೇವವೂ ಇತ್ತು. ಅದಕ್ಕೆ ತುಟಿಯೊತ್ತಿ ಉಸಿರಾಡಿದೆ. ಎಲ್ಲೋ ನೆಲದೊಳಗೆ ಮತ್ತೊಂದು ಶೆಲ್ಲು ಸಿಡಿಯಿತು, ದಡದಿಂದ ಮರಳು ನಮ್ಮ ಮೇಲೆ ಸುರಿಯಿತು. ಎಮ್ಲಿನ್ ಒಂದು ಸಲ ಮಾತ್ರ ಕೂಗಿದ, ಚಿಕ್ಕ ಕೂಗು.

ಹೆದರ್ ಬೆಂಕಿ ಒಂದೆಡೆ ಬಹಳ ಹೊತ್ತು ನಿಲ್ಲುವುದಿಲ್ಲ. ಅದು ಹಾದುಹೋಯಿತು. ತಲೆ ಎತ್ತಿದಾಗ ಬಯಲೆಲ್ಲ ಕಪ್ಪು, ನಡುನಡುವೆ ಗಾರ್ಸ್ ಮುಳ್ಳುಕಂಟಿಗಳ ಬೊಡ್ಡೆಗಳು ಕೆಂಡವಾಗಿ ನಿಂತಿದ್ದವು. ಎಮ್ಲಿನ್‌ನ ಅಂಗಿ ಬೆನ್ನಿಗೆ ಅಂಟಿಕೊಂಡು ಚರ್ಮದ ಜೊತೆ ಒಂದಾಗಿತ್ತು. ಅವನಿಗೆ ಅದರ ಪರಿವೆ ಇರಲಿಲ್ಲ. ಅಣ್ಣನ ಮುಖದ ಮರಳು ಒರೆಸುತ್ತಾ ಅವರ ಹೆಸರನ್ನು ಮೆಲ್ಲಗೆ, ಬಿಡದೆ ಕರೆಯುತ್ತಿದ್ದ. ಐವರ್‌ಗೆ ಒಂದು ಗಾಯವೂ ಇರಲಿಲ್ಲ, ಕೂದಲೂ ಸೀದಿರಲಿಲ್ಲ. ಆದರೆ ಅವರ ಉಸಿರಿನಲ್ಲಿ ಹರಿದ ತಿದಿಯ ಸದ್ದಿತ್ತು.

ಅಗ್ನಿಶಾಮಕ ದಳದವರು ನಮ್ಮನ್ನು ಹುಡುಕಿ ತಂದರು. ನನ್ನ ಗಾಯಗಳು ಬೇಗ ಮಾಗಿದವು. ಸಹೋದರರನ್ನು ಒಂದೇ ಆಸ್ಪತ್ರೆಯ ಬೇರೆ ಬೇರೆ ಕಡೆ ಇಟ್ಟಿದ್ದರು. ಎಮ್ಲಿನ್ ಬೋರಲು ಮಲಗಿದ್ದ. ನಾನು ನೋಡಲು ಹೋದಾಗಲೆಲ್ಲ ಅಣ್ಣನ ಸುದ್ದಿಯೊಂದನ್ನೇ ಕೇಳುತ್ತಿದ್ದ. ಐವರ್ ಅವರ ಮಗಳು ನೆರಿಸ್ ಊರಿನಿಂದ ಬಂದಿದ್ದಳು. ಸೂಲಗಿತ್ತಿಯ ಕೆಲಸ ಮಾಡುವವಳು, ಗಟ್ಟಿ ಹೆಂಗಸು, ನೋಡಲು ತಂದೆಯ ಪ್ರತಿರೂಪ. ನನಗೆ ಕೃತಜ್ಞತೆ ಹೇಳಿದಳು. ಬೇರೇನೂ ಕೇಳಲಿಲ್ಲ. ಐವರ್ ಸೆಪ್ಟೆಂಬರಿನಲ್ಲಿ, ಮೊದಲ ಮಳೆ ಬಿದ್ದ ವಾರ ತೀರಿಕೊಂಡರು.

ಅಂತ್ಯಕ್ರಿಯೆಗೆ ನಾನು ವೇಲ್ಸಿಗೆ ಹೋದೆ. ಗುಡ್ಡದ ಓರೆಯಲ್ಲಿ ಬೂದುಕಲ್ಲಿನ ಪ್ರಾರ್ಥನಾಮಂದಿರ. ಊರಿಗೆ ಊರೇ ಹಾಡಿತು. ಎಮ್ಲಿನ್ ಹಿಂದಿನ ಬೆಂಚಿನ ತುದಿಯಲ್ಲಿ, ಬೆನ್ನು ಒರಗಿಸಲಾಗದೆ ನೆಟ್ಟಗೆ ಕೂತಿದ್ದ. ಅವನ ಪಕ್ಕದಲ್ಲಿ ಜಾಗ ಖಾಲಿ ಇತ್ತು. ಮಣ್ಣು ಮಾಡಿದ ಮೇಲೆ ಪಕ್ಕದ ಕೋಣೆಯಲ್ಲಿ ಚಹಾ, ಹ್ಯಾಮ್ ಹಾಕಿದ ಬ್ರೆಡ್ಡು ಇಟ್ಟಿದ್ದರು. ಅವನು ಒಳಗೆ ಬರಲಿಲ್ಲ.

ನೆರಿಸ್ ನನ್ನ ಕೈಯಿಂದ ಬಟ್ಟಲು ತೆಗೆದು ಮೇಜಿನ ಮೇಲಿಟ್ಟು, ಹೊರಗಿನ ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದಳು.

"ನೀವು ಅಲ್ಲಿದ್ರಿ. ನನಗೊಂದು ಮಾತು ಹೇಳಿ, ಮಿಸೆಸ್ ಲೆಗ್ಗಟ್. ಮುಂದೆ ಆಡೋಣ ಅಂದದ್ದು ಯಾರು?"

ಅವಳ ತಂದೆ ಏನು ಹೇಳಿದರು ಎಂದು ಕೇಳಿದೆ.

"ಬಾಯಿಗೆ ನಳಿಗೆ ಹಾಕೋಕೆ ಮುಂಚೆ ಅಪ್ಪ ಹೇಳಿದ್ರು, ತಪ್ಪೆಲ್ಲ ನಂದೇ, ಎಮ್ಲಿನ್ ಬೇಡಬೇಡ ಅಂದ ಅಂತ. ಚಿಕ್ಕಪ್ಪನ ಹತ್ರ ಹೋದ್ರೆ ಅವನು, ನಾನೇ ಕೆಣಕಿದ್ದು, ಐವರ್ ಚೀಲ ಹೊತ್ಕೊಂಡು ಹೊರಟಿದ್ದ ಅಂತಾನೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ. ಅಪ್ಪ ಸುಳ್ಳು ಹೇಳಿದ್ದನ್ನ ನಾನು ಜನ್ಮದಲ್ಲಿ ಕೇಳಿಲ್ಲ. ಆದ್ರೆ ಸಾಯೋ ಹೊತ್ತಲ್ಲಿ ತಮ್ಮನನ್ನ ಕಾಪಾಡೋಕೆ ಹೇಳಿರಬಹುದು ಅಂತ ರಾತ್ರಿಯೆಲ್ಲ ಅನ್ಸುತ್ತೆ."

ಸಮಾಧಾನದ ಮಾತು ಆಡುವುದು ನನಗೆ ಸುಲಭವಿತ್ತು. ಆದರೆ ಅವಳ ಕಣ್ಣು ನೋಡಿದರೆ ಅದು ಅವಳಿಗೆ ಬೇಕಿರಲಿಲ್ಲ.

"ಇಬ್ಬರೂ ಸುಳ್ಳು ಹೇಳಿಲ್ಲಮ್ಮ," ಎಂದೆ. "ನಿಮ್ಮ ತಂದೆ ಹೊರಟರು, ನಿಮ್ಮ ಚಿಕ್ಕಪ್ಪ ಕೆಣಕಿದರು. ಆಮೇಲೆ ಚಿಕ್ಕಪ್ಪ ಹೊರಟರು, ನಿಮ್ಮ ತಂದೆ ಬಿಡಲಿಲ್ಲ. ಇಬ್ಬರೂ ಅರ್ಧ ಅರ್ಧ ಹೇಳಿದ್ದಾರೆ, ತಮ್ಮ ಮೇಲೆ ಬರೋ ಅರ್ಧ."

ಐವರ್ ಮೊಣಕಾಲೂರಿದ್ದು, ಎಮ್ಲಿನ್ ಹಿಂದಿರುಗಿ ಬಂದದ್ದು, ಹೊತ್ತದ್ದು, ಮೇಲೆ ಮಲಗಿದ್ದು, ಎಲ್ಲವನ್ನೂ ಹೇಳಿದೆ. ಅವನು ಅದನ್ನು ಅವಳಿಗೆ ಹೇಳಿರಲೇ ಇಲ್ಲ. ಬೆನ್ನು ಹೇಗೆ ಸುಟ್ಟಿತೆಂದು ಕೇಳಿದರೆ ಬೆಂಕಿಯಿಂದ ಎಂದಷ್ಟೇ ಅಂದಿದ್ದನಂತೆ.

ನೆರಿಸ್ ಗೋಡೆಯ ಕಲ್ಲಿಗೆ ಕೈಯೂರಿ ನಿಂತಳು. ಅವಳು ಅಳಲಿಲ್ಲ. "ಬೇಡ ಅಂದಿದ್ದನ್ನ ಅಪ್ಪ ಕೇಳಬಹುದಿತ್ತು," ಎಂದಳು. ಕೈಯ ಮಣ್ಣು ಒರೆಸಿಕೊಂಡು, "ಅವನು ಬಾಯಿ ಮುಚ್ಕೊಂಡಿರಬಹುದಿತ್ತು," ಎಂದಳು. ಆಮೇಲೆ ಒಳಗೆ ಹೋಗಿ ನೆಂಟರನ್ನು ಕಳಿಸಿಕೊಟ್ಟಳು, ತಟ್ಟೆಗಳನ್ನು ಜೋಡಿಸಿದಳು, ನನ್ನನ್ನು ಸ್ಟೇಷನ್ನಿಗೆ ಬಿಡುತ್ತೇನೆಂದು ಕಾರಿನ ಕೀಲಿ ತೆಗೆದುಕೊಂಡಳು.

ಮಳೆ ಸಣ್ಣಗೆ ಹನಿಯುತ್ತಿತ್ತು. ಗುಡ್ಡದ ಇಳಿಜಾರಿನಲ್ಲಿ ಎಮ್ಲಿನ್ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆಯುತ್ತಿದ್ದ. ಬೆನ್ನಿನ ಮೇಲೆ ಕೋಟಿನ ಭಾರ ತಡೆಯಲಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಅಂಗಿ ಒದ್ದೆಯಾಗಿ, ಕೆಳಗಿನ ಬ್ಯಾಂಡೇಜು ಕಾಣುತ್ತಿತ್ತು. ನೆರಿಸ್ ಅವನ ಪಕ್ಕದಲ್ಲಿ ಕಾರು ನಿಧಾನಿಸಿ ಗಾಜು ಇಳಿಸಿದಳು.

"ಹತ್ತು, ಚಿಕ್ಕಪ್ಪ."

ಅವನು ನಿಂತು ಒಳಗೆ ನೋಡಿದ. ಅವಳನ್ನು, ಆಮೇಲೆ ನನ್ನನ್ನು. ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೇನೆಂದು ಅವನಿಗೆ ತಿಳಿಯಿತು. ಅವನ ಮುಖದಲ್ಲಿ ಬಂದದ್ದು ಬಿಡುಗಡೆಯಲ್ಲ. ತಪ್ಪೆಲ್ಲ ತನ್ನದೇ ಎಂಬುದೊಂದೇ ಅವನ ಹತ್ತಿರ ಉಳಿದಿತ್ತು, ಅದನ್ನೂ ಯಾರೋ ಕಿತ್ತುಕೊಂಡ ಹಾಗಿತ್ತು.

"ನಡೀತೀನಿ," ಎಂದ.

ನೆರಿಸ್ ಇನ್ನೊಮ್ಮೆ ಕರೆಯಲಿಲ್ಲ. ಆದರೆ ಗಾಜನ್ನೂ ಏರಿಸಲಿಲ್ಲ. ಅವನ ನಡಿಗೆಯ ವೇಗಕ್ಕೇ ಕಾರನ್ನು ಇಳಿಸುತ್ತಾ, ಅವನ ಮನೆಯ ತಿರುವಿನವರೆಗೂ ಪಕ್ಕದಲ್ಲೇ ಹೋದಳು. ಮಳೆ ಒಳಗೆ ಬಂದು ಅವಳ ತೋಳು ನೆನೆಯುತ್ತಿತ್ತು. ನನ್ನ ರೈಲು ತಪ್ಪಿತು.